ಅಂಗೈಯ ಕೆಳಗಿನ ಬಟ್ಟೆ

ಸೊಸೆ ಕತ್ತರಿಯ ಬಾಯಿ ತೆರೆದು ಬಟ್ಟೆಯ ಅಂಚಿಗೆ ತಂದಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಿಂದ ಅತ್ತೆ, "ಒಂದು ನಿಮಿಷ ಇರಮ್ಮ" ಅಂದರು.

ಅತ್ತೆಯ ಬಲಗೈಗೆ ಪ್ಲಾಸ್ಟರು. ಆ ಹೊಲಿಗೆ ಅಂಗಡಿಯಲ್ಲಿ ಮೂವತ್ತು ವರ್ಷ ಬಟ್ಟೆ ಕತ್ತರಿಸಿದ್ದು ಅವರೊಬ್ಬರೇ, ಸೊಸೆಯದು ಮಷಿನ್ನು. ಹೋದ ವಾರ ಮೆಟ್ಟಿಲಲ್ಲಿ ಜಾರಿ ಅವರ ಮಣಿಕಟ್ಟು ಮುರಿದ ಮೇಲೆ ಕತ್ತರಿ ಸೊಸೆಯ ಕೈಗೆ ಬಂದಿತ್ತು. ಇವತ್ತು ಮೇಜಿನ ಮೇಲೆ ಹರಡಿದ್ದಂತೂ ಬೇರೆಲ್ಲೂ ಸಿಗದ ಬಟ್ಟೆ. ಶಾಲೆಯ ಟೀಚರೊಬ್ಬರು ತೀರಿಕೊಂಡ ತಾಯಿಯ ವೆಲ್ವೆಟ್ ನಿಲುವಂಗಿಯನ್ನು ತಂದು, ಇದನ್ನು ಬಿಚ್ಚಿ ನನಗೊಂದು ಕೋಟು ಮಾಡಿಕೊಡಿ ಎಂದು ಕೊಟ್ಟು ಹೋಗಿದ್ದರು. ಕೆಟ್ಟರೆ ಇನ್ನೊಂದು ಗಜ ತಂದರಾಯಿತು ಎನ್ನುವ ಹಾಗಿರಲಿಲ್ಲ.

ಈ ಸೊಸೆಯದು ಅರಳು ಹುರಿದಂಥ ಮಾತು. ಮಷಿನ್ ತುಳಿಯುತ್ತಲೂ ಮಾತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಮಾತು. ಅವಳು ಸುಮ್ಮನಾದರೆ ರೇಡಿಯೊ ಮಾತಾಡುತ್ತಿತ್ತು. ಅತ್ತೆಯೂ ಮಾತಿಗೇನು ಕಡಿಮೆಯಿಲ್ಲ. ಆದರೆ ಕತ್ತರಿ ಹಿಡಿಯುವಾಗ ಮಾತ್ರ ರೇಡಿಯೊ ಆರಿಸುವರು, ಮಷಿನ್ ನಿಲ್ಲಿಸೆಂದು ಸನ್ನೆ ಮಾಡುವರು, ಬಟ್ಟೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುವರು. ಕೋಟಿಗೂ ಅಷ್ಟೇ, ದಿಂಬಿನ ಚೀಲಕ್ಕೂ ಅಷ್ಟೇ. ನಮ್ಮತ್ತೆ ಬಟ್ಟೆಗೆ ಜ್ವರ ಬಂದಿದೆಯಾ ಅಂತ ನೋಡ್ತಾರೆ ಎಂದು ಸೊಸೆ ಗಿರಾಕಿಗಳನ್ನು ನಗಿಸುತ್ತಿದ್ದಳು. ಏನು ಜಪ ಮಾಡ್ತೀರಿ ಎಂದು ಒಮ್ಮೆ ಕೇಳಿಯೂ ಇದ್ದಳು. ಏನಿಲ್ಲ, ಸುಮ್ನೆ ಇರ್ತೀನಿ ಅಷ್ಟೆ ಎಂದಿದ್ದರು ಅತ್ತೆ.

ಇವತ್ತು ಸೊಸೆಗೆ ಸುಮ್ಮನಿರಲು ಪುರುಸೊತ್ತಿರಲಿಲ್ಲ. ಟೀಚರು ನಾಳೆ ಸಂಜೆಯೇ ಬರುವವರು. ಬಟ್ಟೆ ಸಾಲದೆ ಬೆಳಗಿನಿಂದ ಅಳತೆಯ ಕಾಗದಗಳನ್ನು ಅತ್ತಿತ್ತ ಸರಿಸಿ, ಕೊನೆಗೆ ಒಂದು ತೋಳಿನ ಕಾಗದವನ್ನು ತಲೆಕೆಳಗೆ ತಿರುಗಿಸಿ ಹೇಗೋ ಕೂಡಿಸಿಬಿಟ್ಟಿದ್ದಳು. ತನ್ನ ಜಾಣತನಕ್ಕೆ ತಾನೇ ಬೀಗಿದ್ದೂ ಆಗಿತ್ತು. ಕೂತಲ್ಲಿಂದ ಅತ್ತೆಗೆ ಮೇಜಿನ ಮೇಲಿನದು ಕಾಣುತ್ತಿರಲಿಲ್ಲ. ಆದರೂ ಹಿರಿಯರ ಮಾತು. ಅವಳು ಕತ್ತರಿ ಇಟ್ಟು, ರೇಡಿಯೊ ಆರಿಸಿ, ಒಲ್ಲದ ಮನಸ್ಸಿನಿಂದ ಬಟ್ಟೆಯ ಮೇಲೆ ಅಂಗೈಯಿಟ್ಟಳು.

ಮೊದಲು ಕೇಳಿಸಿದ್ದು ಗಡಿಯಾರ. ಆಮೇಲೆ ಬೀದಿಯಲ್ಲಿ ಯಾರೋ ಬಕೆಟ್ ಎಳೆದದ್ದು. ಆಮೇಲೆ ತನ್ನದೇ ಉಸಿರು. ಎಲ್ಲಿಂದಲೋ ಓಡಿ ಬಂದವಳ ಹಾಗೆ ಇತ್ತು. ಅದು ನಿಧಾನವಾಗುವವರೆಗೂ ನಿಂತಳು. ಅಂಗೈ ತಾನಾಗಿಯೇ ಒಂದು ತೋಳಿನ ಕಾಗದದ ಪಕ್ಕ ಭುಜದಿಂದ ಕೆಳಕ್ಕೆ ಸರಿಯಿತು. ಬೆಕ್ಕಿನ ಬೆನ್ನು ಸವರಿದಷ್ಟು ನುಣುಪು. ಇನ್ನೊಂದು ತೋಳಿನ ಪಕ್ಕವೂ ಹಾಗೇ ಭುಜದಿಂದ ಕೆಳಕ್ಕೆ ಸವರಿದಳು. ಬಟ್ಟೆ ಕೈಗೆ ಒರಟಾಗಿ ತಡೆಯಿತು.

ವೆಲ್ವೆಟ್ಟಿನ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ತಿರುಗಿಸಿ ಹೊಲಿದರೆ ಅದೇ ಬಟ್ಟೆ ಬೇರೆ ಬಣ್ಣವಾಗಿ ಕಾಣುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದು ನೆನಪಿಗೆ ಬರಲು ಬೆಳಗಿನಿಂದ ಅವಳು ಎಡೆಯನ್ನೇ ಕೊಟ್ಟಿರಲಿಲ್ಲ. ಈ ಹೆಂಗಸು ಎಷ್ಟು ಸಾವಿರ ಸಲ ಹೀಗೆ ನಿಂತಿರಬೇಕು, ತಾನು ಎಷ್ಟು ಸಲ ನಕ್ಕಿರಬೇಕು ಎಂದುಕೊಂಡಾಗ ಅತ್ತೆಯ ಮೇಲೆ ಅವಳಿಗೆ ಎಂದೂ ಇಲ್ಲದಷ್ಟು ಅಭಿಮಾನ ಉಕ್ಕಿತು.

ಎರಡೂ ತೋಳನ್ನು ಒಂದೇ ದಿಕ್ಕಿಗಿಟ್ಟರೆ ಉದ್ದ ನಾಲ್ಕು ಬೆರಳು ಕಡಿಮೆ. ಟೀಚರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮ್ಮ ಹೇಗೂ ಯಾವಾಗಲೂ ತೋಳು ಮೇಲೆ ಸರಿಸಿಕೊಂಡೇ ಇರ್ತಿದ್ದಳು, ಗಿಡ್ಡವೇ ಇರಲಿ ಎಂದರು ಟೀಚರು.

ಕಾಗದಗಳನ್ನು ಹೊಸದಾಗಿ ಜೋಡಿಸಿ ಸೊಸೆ ಮತ್ತೆ ಅಂಗೈಯಿಟ್ಟಳು. ಈ ಸಲ ಯಾರೂ ಹೇಳಿರಲಿಲ್ಲ.

"ಕತ್ತರಿಸ್ಲಾ ಅತ್ತೆ?"

"ನನ್ನನ್ಯಾಕೆ ಕೇಳ್ತೀಯ? ಬಟ್ಟೆ ಮೇಲಿರೋದು ನಿನ್ನ ಕೈ."

ಮರುದಿನ ಸಂಜೆ ಟೀಚರು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಎಡಗೈಯಿಂದ ಬಲತೋಳನ್ನು ಭುಜದಿಂದ ಕೆಳಕ್ಕೆ ಸವರಿದರು, ಆಮೇಲೆ ಬಲಗೈಯಿಂದ ಎಡತೋಳನ್ನು. ಕನ್ನಡಿಯನ್ನು ನೋಡುವುದನ್ನೂ ಮರೆತು ಮತ್ತೊಮ್ಮೆ ಸವರಿದರು. ಸೊಸೆಯ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಅವಳು ಅದನ್ನು ಅಲ್ಲೇ ಇಟ್ಟುಕೊಂಡು, ಮಷಿನ್ನಿನ ಪೆಡಲಿನ ಮೇಲಿದ್ದ ಕಾಲನ್ನು ಸದ್ದಾಗದಂತೆ ಕೆಳಗಿಳಿಸಿದಳು.