ನೂರಕ್ಕೆ ನೂರಹದಿನೆಂಟು

ನೂರು ಗ್ರಾಂ ಪುಡಿಯಲ್ಲಿ ನೂರಹದಿನೆಂಟು ಗ್ರಾಂ ಸೋಡಾ ಇದೆ ಎಂದು ಯಾರಾದರೂ ಬರೆದುಕೊಟ್ಟರೆ ನಿಮಗೆ ಮೈ ಉರಿಯುವುದಿಲ್ಲವೇ? ನನಗೆ ಮೂರು ದಿನದಿಂದ ಉರಿಯುತ್ತಿತ್ತು. ಮೊದಲ ದಿನ ನೂರಹನ್ನೆರಡು, ಎರಡನೆಯ ದಿನ ನೂರಿಪ್ಪತ್ತಮೂರು, ಇವತ್ತು ಇದು.

ಬರೆದವಳು ನನ್ನ ತಮ್ಮನ ಹೆಂಡತಿ. ಔಷಧಿ ಕಾರ್ಖಾನೆಯ ನಮ್ಮ ಲ್ಯಾಬಿಗೆ ಅವಳನ್ನು ಸೇರಿಸಿದವಳು ನಾನೇ. ಕೆಲಸ ಕಾಯಂ ಆಗುವ ಮುಂಚಿನ ಆರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಅವಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಮ್ಯಾನೇಜರ್ ಮಧ್ಯಾಹ್ನ ತೀರ್ಮಾನಿಸುವವರಿದ್ದರು. ಕೆಲಸ ಹೇಗಿದೆ ಎಂದು ಕೇಳಿದ್ದಕ್ಕೆ ಬೆಳಿಗ್ಗೆಯೇ ಒಂದು ಸಾಲು ಬರೆದುಕೊಟ್ಟಿದ್ದೆ: 'ಕೈ ಸರಿಯಿಲ್ಲ.' ನೆಂಟಸ್ತಿಕೆ ನೋಡಿ ಸುಳ್ಳು ಬರೆಯುವ ಜಾಯಮಾನ ನನ್ನದಲ್ಲ.

ಸೋಡಿಯಂ ಬೈಕಾರ್ಬನೇಟ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಕೇಕ್ ಉಬ್ಬಿಸುವ, ಎದೆಯುರಿಗೆ ನೀರಲ್ಲಿ ಕಲಸಿ ಕುಡಿಯುವ, ಆಸಿಡ್ ಚೆಲ್ಲಿದರೆ ಮೇಲೆ ಸುರಿಯುವ ಅದೇ ಅಡುಗೆ ಸೋಡಾ. ನಮ್ಮಲ್ಲಿಗೆ ಬರುವುದು ಅದರ ಅತಿ ಶುದ್ಧ ರೂಪ, ಈ ತಿಂಗಳಷ್ಟೇ ಶುರುವಾದ ಹೊಸ ಸರಕು. ತೂಗಿ, ನೀರಲ್ಲಿ ಕರಗಿಸಿ, ಬಣ್ಣದ ಸೂಚಕ ಎರಡು ಹನಿ ಹಾಕಿ, ಅದರ ಹಳದಿ ಬಣ್ಣ ಕಿತ್ತಳೆಯಾಗುವ ತನಕ ಆಸಿಡನ್ನು ಹನಿಹನಿಯಾಗಿ ಬಿಡಬೇಕು. ಎಷ್ಟು ಆಸಿಡ್ ಹಿಡಿಯಿತು ಎನ್ನುವುದರ ಮೇಲೆ ಲೆಕ್ಕ.

"ನೂರಕ್ಕಿಂತ ಜಾಸ್ತಿ ಹೇಗೇ ಬರುತ್ತೆ? ಆಕಾಶದಿಂದ ಉದುರಿತಾ?" ಎಂದೆ.

"ನೀವು ಹೇಳಿದ ಹಾಗೇ ಮಾಡಿದ್ದೀನಿ ಅಕ್ಕ," ಎಂದಳು. ಅವಳ ಕಣ್ಣು ತುಂಬಿತ್ತು. ಅದಕ್ಕೂ ನನಗೆ ಸಿಟ್ಟೇ ಬಂತು.

"ಏಳು, ಆಚೆ ಸರಿ."

ಅವಳನ್ನು ಸ್ಟೂಲಿನಿಂದ ಎಬ್ಬಿಸಿ ನಾನೇ ಕೂತೆ. ಮಧ್ಯಾಹ್ನದ ತನಕ ಕಾಯುವ ತಾಳ್ಮೆ ಯಾರಿಗಿದೆ? ಬಾಟಲಿಯಿಂದ ನೇರವಾಗಿ ಪುಡಿ ತೆಗೆದು ತೂಗಿದೆ, ಕರಗಿಸಿದೆ, ಉಸಿರು ಬಿಗಿಹಿಡಿದು ಆಸಿಡ್ ಬಿಟ್ಟೆ. ಬಣ್ಣ ತಿರುಗಿತು. ತೊಂಬತ್ತೊಂಬತ್ತು ಪಾಯಿಂಟ್ ಎಂಟು.

"ನೋಡಿದ್ಯಾ? ಕೈ ಅಂದ್ರೆ ಹೀಗಿರಬೇಕು."

ಅವಳು ನನ್ನ ಲೆಕ್ಕ ನೋಡಿದಳು, ಆಮೇಲೆ ಗೋಡೆ ನೋಡಿದಳು. "ನೀವು ಓವನ್‌ನಲ್ಲಿ ಒಣಗಿಸಲೇ ಇಲ್ವಲ್ಲ ಅಕ್ಕ."

ಗೋಡೆಯ ಮೇಲೆ ನನ್ನದೇ ಅಕ್ಷರದ ಚೀಟಿ ಇತ್ತು, ಅಂಟಿಸಿ ಹತ್ತೊಂಬತ್ತು ವರ್ಷವಾಗಿತ್ತು: 'ತೂಗುವ ಮೊದಲು, ಏನೇ ಇರಲಿ, ಓವನ್‌ನಲ್ಲಿ ಎರಡು ಗಂಟೆ.' ಈ ಪುಡಿ ಬಂದ ದಿನ ಅವಳು "ಇದನ್ನೂನಾ?" ಎಂದು ಕೇಳಿದ್ದಳು. "ಓದೋಕೆ ಬರಲ್ವಾ?" ಎಂದು ಗದರಿದ್ದೆ.

ಬಿಸಿ ತಾಗಿದರೆ ಗಾಳಿ ಬಿಡುವುದೇ ಈ ಸೋಡಾದ ಗುಣ. ಕೇಕ್ ಉಬ್ಬುವುದೇ ಅದರಿಂದ. ಗಾಳಿಯೂ ನೀರೂ ಹೋದ ಮೇಲೆ ಉಳಿಯುವುದು ಬಟ್ಟೆ ಒಗೆಯುವ ಸೋಡಾ, ಅದು ಅಷ್ಟೇ ತೂಕಕ್ಕೆ ಜಾಸ್ತಿ ಆಸಿಡ್ ಕುಡಿಯುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ನನ್ನ ಮಾತು ಕೇಳಿ ಅವಳು ಮೂರು ದಿನ ಅಡುಗೆ ಸೋಡಾವನ್ನು ಒಳಗಿಟ್ಟು, ಅರ್ಧಂಬರ್ಧ ಒಗೆಯುವ ಸೋಡಾವನ್ನು ಹೊರಗೆ ತೆಗೆದಿದ್ದಳು. ಅವಳ ಒಂದು ಹನಿಯೂ ತಪ್ಪಿರಲಿಲ್ಲ.

ಚೀಟಿಯನ್ನು ಕಿತ್ತುಕೊಂಡು ಮ್ಯಾನೇಜರ್ ರೂಮಿಗೆ ಓಡಿದೆ. ಅವರು ಪೆನ್ನಿನ ಮುಚ್ಚಳ ತೆಗೆದಿದ್ದರು.

"ಏನಮ್ಮ, ಕೈ ಸರಿಯಿಲ್ಲ ಅಂತ ನೀವೇ ಬರೆದಿದ್ದೀರಲ್ಲ?"

"ಸರಿಯಿಲ್ಲದ್ದು ಕೈಯಲ್ಲ ಸಾರ್, ಬಾಯಿ," ಎಂದು ಚೀಟಿಯನ್ನು ಅವರ ಮುಂದಿಟ್ಟೆ. "ಅದೂ ನಂದು."