ಜುಜೆಯ ಮುಚ್ಚಿದ ಬಾಗಿಲು

ಅಕ್ಟೋಬರ್ ಬಂತೆಂದರೆ ಕ್ರಿಸ್ತಿನಾಳಿಗೆ ಮೈಯೆಲ್ಲ ಉರಿ. ಹಳಿಯಾಳದ ಕಾಡಂಚಿನ ಆ ಸಿದ್ದಿಗಳ ಕೇರಿಯಲ್ಲಿ ಆ ತಿಂಗಳು ಮರಿಯಾ ಮಾತೆಯ ಮೂರ್ತಿ ಮನೆ ಮನೆ ಸುತ್ತುತ್ತದೆ. ಒಂದು ಸಂಜೆ ಒಂದು ಮನೆ, ಮರುಸಂಜೆ ಪಕ್ಕದ ಮನೆ. ಯಾರದೂ ತಕರಾರಿಲ್ಲ, ಜುಜೆಯೊಬ್ಬನನ್ನು ಬಿಟ್ಟು.

ಜುಜೆ ಅವಳ ಗಂಡ ರೊಜಾರಿಯೊನ ಅಣ್ಣ, ಬಿದಿರು ಕಡಿಯುವವನು. ಅವನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಇಡೀ ಕೇರಿ ಮೊಣಕಾಲೂರಿ, ಮಣಿ ಎಣಿಸುತ್ತ ಮಾತೆಯ ಜಪಸರ ಹೇಳಿತ್ತು. ಏನು ಬಂತು? ದಾಂಡೇಲಿ ದಾರಿಯಲ್ಲಿ, ಚಕ್ಕಡಿಯಲ್ಲೇ, ತಾಯಿ ಮಗು ಇಬ್ಬರೂ ಹೋದರು. ಅಂದಿನಿಂದ ದೇವರ ಹೆಸರೆತ್ತಿದರೆ ಅವನು ಎದ್ದು ನಡೆಯುತ್ತಿದ್ದ. ಮೂರ್ತಿ ಬರುವ ಸಂಜೆ ಅಗಳಿ ಹಾಕಿ ಒಳಗೆ ಕೂರುತ್ತಿದ್ದ.

ಅವನ ತಾಯಿ ಇಜಾಬೆಲ್ ಬಿಡುವವಳೇ? ವರ್ಷ ವರ್ಷವೂ ಮೂರ್ತಿಯನ್ನು ಎದೆಗವಚಿ ಆ ಬಾಗಿಲ ಮುಂದೆ ನಿಂತು ಪೂರ್ತಿ ಜಪಸರ ಹೇಳುತ್ತಿದ್ದಳು. ಆಮೇಲೆ, "ಜುಜೆ, ಮರಿಯಾ ಮಾತೆ ಬಂದಾಳೋ," ಎಂದು ಕೂಗುವಳು. ತುಸು ಕಾಯುವಳು. ಬಾಗಿಲು ತೆರೆಯದಿದ್ದಾಗ ಮೂರ್ತಿಯೊಂದಿಗೆ ಮುಂದಿನ ಮನೆಗೆ ನಡೆಯುವಳು. ಹಿಂದಿದ್ದವರು ಮಳೆಯಲ್ಲಿ ತೊಯ್ಯಲಿ, ಮಕ್ಕಳು ರಂಪ ಮಾಡಲಿ, ಮುದುಕಿ ಜಪ್ಪಯ್ಯ ಅನ್ನುತ್ತಿರಲಿಲ್ಲ.

೧೯೭೮ರ ಅಕ್ಟೋಬರಿನಲ್ಲಿ ಕ್ರಿಸ್ತಿನಾಳಿಗೆ ತಡೆಯಲಾಗಲಿಲ್ಲ. "ಅತ್ತಿ, ಅಂವ ಕಲ್ಲಾಗ್ಯಾನ. ಬಾಗಿಲಾ ತಗಿಯಂಗಿಲ್ಲ, ಬಿಡ್ರಿ ಇನ್ನ."

"ತಗೀಲಿಕ್ಕಿಲ್ಲ ಯವ್ವಾ. ಆದ್ರ ಅವನ ಮನೀ ದಾಟಿ ಹೋಗು ಅಂತ ದೇವರು ನನಗ ಹೇಳಿಲ್ಲಲ್ಲ?"

"ನಿಮಗ ಬ್ಯಾಸರಾ ಬರಂಗಿಲ್ಲೇನ್ರಿ?"

"ಬರದ ಏನು? ಹೊಟ್ಟ್ಯಾಗಿನ ಮಗಾ ಅಂವ. ಪ್ರತೀ ಸಲ ಅಳು ಬರತೈತಿ. ಅತ್ತು, ಮುಂದಿನ ಮನೀಗೆ ಹೋಗ್ತೇನಿ."

ಮರುವರ್ಷದ ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿದ ಇಜಾಬೆಲ್ ಏಳಲೇ ಇಲ್ಲ. ಜುಜೆ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟ. ಪಾದ್ರಿಗಳು ಪ್ರಾರ್ಥನೆ ಶುರು ಮಾಡುತ್ತಲೇ ದೂರ ಹೋಗಿ ನಿಂತ. ಆ ಬಾಗಿಲು ತೆರೆದದ್ದನ್ನು ಒಂದು ಸಲವಾದರೂ ಕಾಣದೆ ಹೋಯಿತಲ್ಲ ಆ ಜೀವ! ನೆನೆದಾಗೆಲ್ಲ ಕ್ರಿಸ್ತಿನಾಳಿಗೆ ದೇವರ ಮೇಲೇ ಸಿಟ್ಟು ಬರುತ್ತಿತ್ತು.

ಆ ಅಕ್ಟೋಬರಿನಲ್ಲಿ ಮೂರ್ತಿ ಹೊರುವ ಕೆಲಸ ಅವಳಿಗೇ ಬಂತು. ಜುಜೆಯ ಸರದಿಯ ಸಂಜೆ ಹೊರಡುವ ಮೊದಲೇ ಎಲ್ಲರಿಗೂ ಹೇಳಿದಳು: "ಈ ಸಲ ನೆಟ್ಟಗ ಮುಂದಿನ ಮನೀಗೆ, ಸೋಮಾನ ಮನೀಗೆ ಹೋಗೂಣು. ಆ ಬಾಗಿಲದ ಮುಂದ ನಿಂತು ಯಾರು ಉದ್ಧಾರ ಆಗ್ಯಾರ?" ಮಳೆ ಹನಿಯುತ್ತಿತ್ತು, ಎಲ್ಲರೂ ಹೂಂ ಎಂದರು.

ಜುಜೆಯ ಬಾಗಿಲು ಮುಚ್ಚಿಯೇ ಇತ್ತು. ಕ್ರಿಸ್ತಿನಾ ತಲೆ ತಗ್ಗಿಸಿ ಬಿರಬಿರನೆ ದಾಟಿದಳು. ದಾಟಿದವಳು ಒಮ್ಮೆ ಹಿಂದಿರುಗಿ ನೋಡಿದಳು. ಅತ್ತೆ ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಅಯ್ಯೋ, ಅದನ್ನು ಅವಳ ಕೈಲಿ ನೋಡಲಾಗಲಿಲ್ಲ.

"ಯಾಕ ನಿಂತಿ?" ರೊಜಾರಿಯೊ ಕೇಳಿದ.

"ಸುಮ್ನ ಬಾ," ಎಂದು ವಾಪಸು ನಡೆದಳು.

ಬಾಗಿಲ ಮುಂದೆ ನಿಂತು ಜಪಸರ ಶುರು ಮಾಡಿದಳು. ನಡುವೆ ಅಳು ಬಂತು. ಅಳುತ್ತಲೇ ಪೂರ್ತಿ ಮುಗಿಸಿದಳು. "ಭಾವಾ, ಮರಿಯಾ ಮಾತೆ ಬಂದಾಳ್ರಿ."

ಕಾದಳು. ಅಗಳಿ ಅಲುಗಲಿಲ್ಲ.

ಸೆರಗಿನಿಂದ ಮೂರ್ತಿಯ ಮೇಲಿನ ಮಳೆನೀರು ಒರೆಸಿದಳು. "ಮುಂದಿನ ವರ್ಷ ಬರ್ತೇವ್ರಿ," ಎಂದು ಆ ಬಾಗಿಲಿಗೇ ಹೇಳಿ, ಸೋಮಾನ ಮನೆಯತ್ತ ನಡೆದಳು.