ಸುಬ್ಬಿಯ ಮಾತ್ರೆ ನಿಲ್ಲಿಸಿದವರು

ಬಸರೀಕಟ್ಟೆ ಕಡೆಯ ಕಾಫಿ ತೋಟದ ಕೂಲಿ ಲೈನಿನ ಸಾಲುಮನೆಗಳಲ್ಲಿ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಕಾಲು ಮುರಿದರೂ ಡಾಕ್ಟರೇ. ಪಿಡ್ಸ್ ಬಂದರೆ ಮಾತ್ರ ಮಂತ್ರವಾದಿ. ಸುಬ್ಬಿಗೆ ಬಂದದ್ದು ಪಿಡ್ಸ್.

ಅದು ಎಂಬತ್ತೊಂದರ ಕುಯ್ಲಿನ ಸಮಯ. ಕಾಫಿ ಹಣ್ಣು ಕುಯ್ಯುತ್ತಿದ್ದವಳು ಗಿಡದ ಬುಡದಲ್ಲೇ ಬಿದ್ದು, ಕೈಕಾಲು ಸೆಟೆದು ಒದ್ದಾಡಿದಳು. ಬಾಯಲ್ಲಿ ನೊರೆ ಬಂತು. ಎಚ್ಚರವಾದಾಗ ಸೀರೆ ಒದ್ದೆಯಾಗಿತ್ತು, ಜೊತೆಯ ಹೆಂಗಸರೆಲ್ಲ ದೂರ ಸರಿದು ನಿಂತಿದ್ದರು. ಎಬ್ಬಿಸಲು ಒಬ್ಬಳೂ ಕೈ ಕೊಡಲಿಲ್ಲ. ಮರುದಿನದಿಂದ ಅವಳು ಕುಡಿದ ಲೋಟದಲ್ಲಿ ಯಾರೂ ನೀರು ಕುಡಿಯಲಿಲ್ಲ. ವರ್ಷಗಟ್ಟಲೆ ಒಟ್ಟಿಗೆ ದುಡಿದವರು ಅವರು.

ಅತ್ತೆ ಭೈರಮ್ಮ ಮಂತ್ರವಾದಿಯನ್ನು ಕರೆಸಿದಳು. ಅವನು ಕಬ್ಬಿಣ ಕಾಯಿಸಿ ಸುಬ್ಬಿಯ ಬೆನ್ನಿಗೆ ಬರೆ ಎಳೆದ. ಅವಳು ಕೊಸರಾಡದಂತೆ ಭುಜ ಅದುಮಿ ಹಿಡಿದವನು ಗಂಡ ಗುರುವ. ಬರೆ ಮಾಯುವ ಮೊದಲೇ ಪಿಡ್ಸ್ ಮತ್ತೆ ಬಂತು.

ಕೊಪ್ಪದ ಬೀಬಿ ಜಾನ್ ಲೈನಿಗೆ ಬಳೆ ಮಾರಲು ಬರುತ್ತಿದ್ದಳು. ಜಗಲಿಯ ಮೂಲೆಯಲ್ಲಿ ಬೆನ್ನು ಊರಲಾಗದೆ ಕೂತಿದ್ದ ಸುಬ್ಬಿಯನ್ನು ಕಂಡು ವಿಷಯ ಕೇಳಿ ತಿಳಿದುಕೊಂಡಳು.

"ಇದು ದೆವ್ವ ಅಲ್ಲ ಮಾರಾಯ್ತಿ. ಮೂರ್ಛೆ ರೋಗ. ಮಿದುಳಿನ ಕಾಯಿಲೆ. ನಂಗೂ ಉಂಟು."

"ನಿಮಗಾ?" ಸುಬ್ಬಿ ನಂಬಲಿಲ್ಲ.

"ಹೌದು. ಇದೇ ನೆಪ ಮಾಡಿ ಗಂಡನ ಮನೆಯವರು ನನ್ನ ತವರಿಗೆ ಅಟ್ಟಿದ್ರು. ಈಗ ದಿನಾ ಮಾತ್ರೆ ನುಂಗ್ತೀನಿ. ಬೀಳೋದು ನಿಂತು ಎಷ್ಟೋ ವರ್ಷ ಆಯ್ತು. ಬುಟ್ಟಿ ಹೊತ್ತು ಊರೂರು ತಿರುಗ್ತಾ ಇಲ್ವಾ?"

ಭೈರಮ್ಮ ಒಳಗಿನಿಂದಲೇ ಗದರಿದಳು. "ಮಾತ್ರೆಗೆ ಹೋಗುವಂಥದ್ದಲ್ಲ ಇದು. ಮುಟ್ಟಿದೋರಿಗೂ ಅಂಟ್ತದೆ."

"ಅಂಟೋದಾಗಿದ್ರೆ ಭೈರಮ್ಮ, ನನ್ನ ಹತ್ರ ಬಳೆ ತೊಟ್ಟ ಹೆಂಗಸ್ರೆಲ್ಲ ಇಷ್ಟೊತ್ತಿಗೆ ಬಿದ್ದು ಒದ್ದಾಡ್ಬೇಕಿತ್ತು."

ಆ ವಾರವೇ ಬೀಬಿ ಜಾನ್ ಗುರುವನನ್ನೂ ಸುಬ್ಬಿಯನ್ನೂ ಬಸ್ಸು ಹತ್ತಿಸಿ ಕೊಪ್ಪದ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರು. ಮೊದಮೊದಲು ಮಂಪರು ಬರುತ್ತದೆ, ಹೆದರಬೇಡಿ ಎಂದರು. ಒಂದು ದಿನವೂ ತಪ್ಪಿಸಬಾರದು, ಗುಣವಾದಂತೆ ಕಂಡರೂ ನಾನು ಹೇಳುವ ತನಕ ನಿಲ್ಲಿಸಬಾರದು ಎಂದರು. ಸದ್ಯಕ್ಕೆ ಒಲೆ, ಬಾವಿ, ಹೊಳೆಯ ಹತ್ತಿರ ಒಬ್ಬಳನ್ನೇ ಬಿಡಬೇಡಿ ಎಂದೂ ಹೇಳಿದರು. ಗುರುವ ಎಲ್ಲಕ್ಕೂ ತಲೆಯಾಡಿಸಿದ.

ಮಂಪರು ಕಳೆಯಿತು. ಸುಬ್ಬಿ ಬೀಳುವುದು ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹೆಂಗಸರು ಹತ್ತಿರ ಕೂತು ಎಲೆಯಡಿಕೆ ಕೇಳತೊಡಗಿದರು. ಆಗ ಭೈರಮ್ಮ ಶುರು ಮಾಡಿದಳು.

"ವಾಸಿ ಆತಲ್ಲ, ಇನ್ನೆಂತಕ್ಕೆ ಮಾತ್ರೆ? ಅದನ್ನ ತಿಂದೂ ತಿಂದೂ ತಲೆ ಕೆಡ್ತದಂತೆ."

"ಡಾಕ್ಟ್ರು ನಿಲ್ಲಿಸ್ಬೇಡ ಅಂದಿದಾರೆ ಅತ್ತೆ."

"ಡಾಕ್ಟ್ರು ಬಂದು ಸಂಸಾರ ಮಾಡ್ತಾರನಾ? ಜನ ನಿನ್ನ ಮಾತ್ರೆ ತಿನ್ನೋಳು ಅಂತಲೇ ಕರೀತಾರೆ."

ಸುಬ್ಬಿ ಗಂಡನ ಮುಖ ನೋಡಿದಳು. "ಅವ್ವ ಹೇಳಿದಂಗೆ ಮಾಡು" ಎಂದು ಅವನು ಎದ್ದು ಹೋದ. ಭೈರಮ್ಮ ಮಾತ್ರೆಗಳನ್ನು ಬೂದಿ ಗುಂಡಿಗೆ ಸುರಿದಳು. ಸುಬ್ಬಿ ತಡೆಯಲಿಲ್ಲ. ಮಾತ್ರೆ ತಿನ್ನೋಳು ಅನ್ನಿಸಿಕೊಂಡು ಅವಳಿಗೂ ಸಾಕಾಗಿತ್ತು.

ಕೆಲವೇ ದಿನಗಳಲ್ಲಿ, ಬೆಳಿಗ್ಗೆ ಗಂಜಿ ಬೇಯಿಸುತ್ತಿದ್ದಾಗ, ಸುಬ್ಬಿ ಒಲೆಯ ಮೇಲೆಯೇ ಬಿದ್ದಳು. ಬಲಗೈ ಕೆಂಡದೊಳಗೆ ಹೋಯಿತು. ಭೈರಮ್ಮ ಪಕ್ಕದಲ್ಲೇ ಇದ್ದಳು. ಕಾಲು ಹಿಡಿದು ಎಳೆದಿದ್ದರೆ ಸಾಕಿತ್ತು. ಎಳೆಯಲಿಲ್ಲ. ಮುಟ್ಟಿದರೆ ತನಗೂ ಬಂದೀತೆಂದು ಹೆದರಿ, ಕೈಗೆ ಕಬ್ಬಿಣ ಕೊಟ್ಟರೆ ಪಿಡ್ಸ್ ಬಿಡುತ್ತದೆಂದು ನಂಬಿ, "ಕಬ್ಬಿಣ, ಕಬ್ಬಿಣ" ಎಂದು ಕೂಗುತ್ತ ಮನೆಯೆಲ್ಲ ಹುಡುಕಿದಳು. ಕತ್ತಿ ಸಿಕ್ಕಿತು. ತಂದು ದೂರದಿಂದ ಸುಬ್ಬಿಯ ಎಡಗೈ ಬಳಿಗೆ ತಳ್ಳಿದಳು. ಕೂಗು ಕೇಳಿ ಹೊರಗಿನಿಂದ ಓಡಿ ಬಂದ ಗುರುವ ಹೆಂಡತಿಯನ್ನು ಎಳೆದು ಹಾಕುವಷ್ಟರಲ್ಲಿ ಬೆರಳುಗಳು ಬೆಂದಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆಯುತ್ತ, "ಮಾತ್ರೆ ಯಾಕೆ ನಿಲ್ಲಿಸಿದ್ರಿ?" ಎಂದು ಕೇಳಿದರು.

ಗಾಯ ಮಾಯಿತು. ಮೂರು ಬೆರಳು ಅಂಗೈಗೆ ಅಂಟಿಕೊಂಡೇ ಉಳಿದವು. ಹಣ್ಣು ಕುಯ್ಯುವ ಕೆಲಸ ಹೋಯಿತು. ಈಗ ಅವಳು ಕಣದಲ್ಲಿ ಎಡಗೈಯಿಂದ ಕಾಫಿ ಹರಡುತ್ತಾಳೆ. ಮಾತ್ರೆ ಮತ್ತೆ ಶುರುವಾದ ಮೇಲೆ ಒಮ್ಮೆಯೂ ಬಿದ್ದಿಲ್ಲ. ಪ್ರತಿ ಸಂಜೆ ಭೈರಮ್ಮನೇ ಮಾತ್ರೆ, ನೀರು ತಂದು ಕೊಡುತ್ತಾಳೆ. ಯಾರ ಮನೆಯಲ್ಲಾದರೂ ಪಿಡ್ಸ್ ಎಂದು ಕೇಳಿದರೆ ಅವಳೇ ಹೋಗುತ್ತಾಳೆ. "ಮಂತ್ರವಾದಿ ಬ್ಯಾಡ, ಆಸ್ಪತ್ರೆಗೆ ಹೋಗಿ. ನನ್ನ ಸೊಸೆ ಕೈ ನೋಡಿ" ಅನ್ನುತ್ತಾಳೆ. ಸುಬ್ಬಿಗೆ ಆ ಕೈ ಯಾರಿಗೂ ತೋರಿಸಲು ಇಷ್ಟವಿಲ್ಲ.

ಒಮ್ಮೆ ಗುರುವ ಅಂದ, "ಆಗ ನಮಗೆ ಹೇಳೋರೇ ಇರಲಿಲ್ಲ ಮಾರಾಯ್ತಿ."

"ಇದ್ರು," ಎಂದಳು ಸುಬ್ಬಿ. "ಬೀಬಿ ಜಾನ್ ಹೇಳಿದ್ಳು. ಡಾಕ್ಟ್ರು ಹೇಳಿದ್ರು. ಕೇಳೋರು ಇರಲಿಲ್ಲ."



ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೂರ್ಛೆ ರೋಗ ಮುಟ್ಟಿದರೆ ಅಂಟುವುದಿಲ್ಲ. ಯಾರಾದರೂ ಹಾಗೆ ಬಿದ್ದರೆ ಮೊದಲು ಬೆಂಕಿ, ನೀರಿನಿಂದ ಈಚೆ ಎಳೆಯಿರಿ. ತಲೆಯಡಿಗೆ ಮೆತ್ತನೆಯದೇನಾದರೂ ಕೊಟ್ಟು ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ ಬೇಡ, ಬಾಯಿಗೆ ಚಮಚ ಬೇಡ, ನೀರೂ ಬೇಡ. ಅದುಮಿ ಹಿಡಿಯಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ, ನಿಂತು ಮತ್ತೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರೇ ಬೇಡ ಎನ್ನುವ ತನಕ ದಿನಾ ಕೊಡಿ. ಸುಬ್ಬಿಯ ಬೆರಳು ಇನ್ನು ಬಿಡಿಸಲು ಬರುವುದಿಲ್ಲ. ನಿಮ್ಮ ಮನೆಯವರ ಕೈ ಇನ್ನೂ ನೆಟ್ಟಗಿದೆ. ಅದು ಸುಡುವ ತನಕ ಕಾಯಬೇಡಿ.